ಫಾರ್ಮ್ಯಾಟ್ ಹೊಡದ್ಬಿಡೂಣೇನ್ರಿ?

ನಮ್ಮ ಗದಗ-ಬೆಟಗೇರಿಯಲ್ಲಿ ಕಂಪ್ಯೂಟರಿಗೆ ಬರುವ ರೋಗ ನೂರಾರು, ಮದ್ದು ಮಾತ್ರ ಒಂದೇ. ಪರದೆ ಕಪ್ಪಾದರೂ ಅದೇ, ನೀಲಿಯಾದರೂ ಅದೇ, ಪ್ರಿಂಟರ್ ಕೆಮ್ಮಿದರೂ ಅದೇ, ಮೌಸಿನ ವೈರನ್ನು ಅಸಲಿ ಇಲಿ ಕಡಿದು ಹಾಕಿದರೂ ಅದೇ. ಫೋನ್ ಮಾಡಿದರೆ ಹುಡುಗ ಬರುತ್ತಾನೆ. ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಒಂದು ಗುಂಡಿ ಒತ್ತುತ್ತಾನೆ, ಮತ್ತೊಂದು ಒತ್ತುತ್ತಾನೆ, ಚಹಾ ಬಂತೇನೋ ಎಂದು ಬಾಗಿಲ ಕಡೆ ನೋಡುತ್ತಾನೆ. ಆಮೇಲೆ ಸತ್ತ ಸುದ್ದಿ ತಂದವರ ದನಿಯಲ್ಲಿ ಕೇಳುತ್ತಾನೆ: "ಫಾರ್ಮ್ಯಾಟ್ ಹೊಡದ್ಬಿಡೂಣೇನ್ರಿ?"

ನಮ್ಮ ಕಡೆ ಫಾರ್ಮ್ಯಾಟ್ ಮಾಡುವುದಿಲ್ಲ, ಹೊಡೆಯುತ್ತೇವೆ. ಹತ್ತಿಗೆ ಎಣ್ಣಿ ಹೊಡೆದ ಹಾಗೆ. ಎಣ್ಣಿ ಹೊಡೆದರೆ ಹುಳ ಸಾಯುತ್ತದೆ, ಅದರ ಸಂಗಡ ಜೇನೂ ಸಾಯುತ್ತದೆ. ಫಾರ್ಮ್ಯಾಟ್ ಹೊಡೆದರೆ ವೈರಸ್ಸು ಹೋಗುತ್ತದೆ, ಅದರ ಸಂಗಡ ಮಗಳ ಕುಬಸದ ಫೋಟೋ, ಹೊಲದ ಉತಾರದ ಸ್ಕ್ಯಾನು, ಮೂರು ವರ್ಷದ ಉಳ್ಳಾಗಡ್ಡಿ ಲೆಕ್ಕ ಎಲ್ಲವೂ ಹೋಗುತ್ತವೆ. ಎಲ್ಲ ಹೋದ ಮೇಲೆ ಹುಡುಗ ಸೌಜನ್ಯಕ್ಕೆಂದು ಇನ್ನೊಂದು ಪ್ರಶ್ನೆ ಕೇಳುತ್ತಾನೆ: "ಏನಾರ ಇಂಪಾರ್ಟೆಂಟ್ ಇತ್ತೇನ್ರಿ?" ಇದೆಯೇ ಎಂದಲ್ಲ, ಇತ್ತೇ ಎಂದು. ವ್ಯಾಕರಣದಲ್ಲಿ ಭೂತಕಾಲ ಯಾಕೆ ಇದೆ ಎಂದು ನನಗೆ ತಿಳಿದದ್ದೇ ಆ ಹೊತ್ತಿನಲ್ಲಿ.

ನಾನು ಕಣಗಿನಹಾಳದವನು. ಹೆಸರು ಹೇಳಿದ ಕೂಡಲೇ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಕಣ್ಣು ಮಿನುಗುತ್ತವೆ. ಅವರ ಪಾಲಿಗೆ ನಮ್ಮದು ಊರಲ್ಲ, ಒಂದು ಅಂಕದ ಪ್ರಶ್ನೆ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಲ್ಲಿ? ಕಣಗಿನಹಾಳ. ಯಾವಾಗ? 1905. ಯಾರು ಕಟ್ಟಿದರು? ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ಮುಂದಿನ ಪ್ರಶ್ನೆ! ಆಗ ನಾವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವರು. ಗದಗ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಂದರೆ ಸಂಘಕ್ಕೆ 92 ವರ್ಷವಾದ ಮೇಲೆ ಅದಕ್ಕೊಂದು ಸ್ವಂತ ಜಿಲ್ಲೆ ಸಿಕ್ಕಿತು. ಅಲ್ಲಿಯವರೆಗೆ ಯಾರೂ ಕಾಯುತ್ತ ಕೂತಿರಲಿಲ್ಲ ಎಂಬುದೇ ಆ ಕಾಲದ ವಿಶೇಷ.

ಅವರಿಗೆ ಕಾಯಲು ಪುರುಸೊತ್ತೂ ಇರಲಿಲ್ಲವೆನ್ನಿ. ಬಿತ್ತಿಗೆಗೆ ದುಡ್ಡು ಬೇಕಾದರೆ ಸಾವಕಾರನ ಕಟ್ಟೆ, ಬೆಳೆ ಬಂದರೆ ಅದೇ ಕಟ್ಟೆ. ಖಾತೆ ಪುಸ್ತಕ ಅವನದು, ಲೆಕ್ಕಣಿಕೆ ಅವನದು, ಓದಲು ಬರುವುದೂ ಅವನಿಗೇ. ಹೆಬ್ಬೆಟ್ಟು ಮಾತ್ರ ನಮ್ಮದು. 1875ರಲ್ಲಿ ಪುಣೆ, ಅಹ್ಮದ್‌ನಗರ ಸೀಮೆಯ ರೈತರಿಗೆ ಇದು ಸಾಕಾಗಿ, ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಓಣಿಯಲ್ಲಿ ರಾಶಿ ಹಾಕಿ ಸುಟ್ಟರು. ಚರಿತ್ರೆಯ ಪುಸ್ತಕದಲ್ಲಿ ಅದಕ್ಕೆ ಡೆಕ್ಕನ್ ದಂಗೆ ಎಂದು ಹೆಸರು. ನನ್ನ ಲೆಕ್ಕದಲ್ಲಿ ಮುಂಬಯಿ ಪ್ರಾಂತದಲ್ಲಿ ಫಾರ್ಮ್ಯಾಟ್ ಹೊಡೆದದ್ದು ಅದೇ ಮೊದಲು. ನಮ್ಮೂರಿನವರು ಮೂವತ್ತು ವರ್ಷದ ಮೇಲೆ ಅದಕ್ಕಿಂತ ಕಷ್ಟದ ಕೆಲಸ ಮಾಡಿದರು: ಖಾತೆ ಪುಸ್ತಕ ಸುಡಲಿಲ್ಲ, ತಮ್ಮದೇ ಒಂದು ಖಾತೆ ಪುಸ್ತಕ ಬರೆದುಕೊಂಡರು. 1904ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಎದೆ ನಡುಗಿಸುವ ಒಂದು ಷರತ್ತಿತ್ತು. ಹೊಣೆಗೆ ಮಿತಿ ಇಲ್ಲ. ಒಬ್ಬ ಮುಳುಗಿಸಿದರೆ ಉಳಿದವರೆಲ್ಲ ಹೊಲ-ಮನೆ ಸಮೇತ ಜವಾಬ್ದಾರರು. ಈಗ ಫೋನಿನ ಗ್ರೂಪಿನಲ್ಲಿ ಒಂದು ಹೆಬ್ಬೆಟ್ಟು ಒತ್ತಿ 'ನಾವು ನಿಮ್ಮ ಜೋಡಿ ಅದೀವಿ' ಎನ್ನುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಅವರ ಮೊಮ್ಮಕ್ಕಳಾದ ನಾವು ಏನು ಮಾಡಿದೆವು? ಹೊಸ ಸಾವಕಾರನನ್ನು ಹುಡುಕಿಕೊಂಡೆವು. ಆಗ ಹೊಲ ಒತ್ತಿ ಇಡುತ್ತಿದ್ದರು, ಈಗ ಹಾರ್ಡ್ ಡಿಸ್ಕ್ ಒತ್ತಿ ಇಡುತ್ತೇವೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವುದಕ್ಕೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆ ಸುದ್ದಿ ಬಂದ ದಿನ ಚಹದ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ: "ಅಲ್ರೀ ಕಾಕಾರ, ಒಂದಿನ ಕಂಪ್ಯೂಟರ್ ಏಳಲೇ ಇಲ್ಲಂದ್ರ ಏನ್ ಮಾಡೂದ್ರಿ?" ಕಾಕಾ ಬಶಿಯಲ್ಲಿದ್ದ ಚಹಾ ಹೀರಿಕೊಂಡು ನಿಶ್ಚಿಂತೆಯಿಂದ ಹೇಳಿದರು: "ಹುಡುಗ ಬರ್ತಾನ."

ಹುಡುಗ ಬರದ ದಿನಗಳೂ ಇರುತ್ತವೆ. 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ಒಂದೇ ಒಂದು ಕಡತ ಕೆಟ್ಟು ಲೋಕದ ತುಂಬ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ಹೊದ್ದು ಮಲಗಿಬಿಟ್ಟವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಿಂದ ಬರೆದುಕೊಟ್ಟರು. ಆ ಕಡತ ಅಳಿಸಿದರೆ ಸಾಕಿತ್ತು, ಆದರೆ ಮಲಗಿದ ಯಂತ್ರದೊಳಗೆ ಹೋಗಿ ಅಳಿಸುವವರು ಯಾರು? ಎಷ್ಟೋ ಕಡೆ ಒಂದೊಂದರ ಮುಂದೂ ಒಬ್ಬ ಮನುಷ್ಯ ಹೋಗಿ ಕೂರಬೇಕಾಯಿತು. ಎಂಬತ್ತೈದು ಲಕ್ಷ ಮನೆಗೆ ಒಬ್ಬನೇ ಹುಡುಗ ಎಷ್ಟು ಚಹಾ ಕುಡಿದಾನು?

ಅವತ್ತು ರಾತ್ರಿ ನಾನು ಪಣ ತೊಟ್ಟೆ. ಸ್ವಂತಕ್ಕೊಂದು ಪೆನ್‌ಡ್ರೈವ್ ಮಾಡಿಕೊಳ್ಳುವುದು. ಅದರೊಳಗೆ ಇಡೀ ಒಂದು ಲಿನಕ್ಸ್. ಯಾವ ಕಂಪ್ಯೂಟರ್ ಸತ್ತರೂ ಪೆನ್‌ಡ್ರೈವ್ ಚುಚ್ಚಿ ಎಬ್ಬಿಸುವುದು, ಒಳಗಿನ ಆಸ್ತಿಪಾಸ್ತಿ ಹೊರಗೆ ತೆಗೆಯುವುದು, ಆಮೇಲೆ ಬೇಕಾದವರು ಬೇಕಾದ್ದು ಹೊಡೆದುಕೊಳ್ಳಲಿ.

ಇದಕ್ಕೆ ಲೈವ್ ಲಿನಕ್ಸ್ ಎನ್ನುತ್ತಾರೆ. ಗದುಗಿನವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಇದೆಯಲ್ಲ, ಅದಕ್ಕೊರಗಿ ಕೂತು ಅವನು ಭಾರತ ಬರೆದ ಕತೆ ನಮಗೆ ಹಾಲಿನ ಜೋಡಿ ಕುಡಿಸಿದ್ದಾರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಬಟ್ಟೆ ಒದ್ದೆ ಇರುವ ತನಕ ಕಾವ್ಯ ಹರಿಯುತ್ತಿತ್ತು, ಆರಿತೋ, ಅವತ್ತಿಗೆ ನಿಂತಿತು. ಲೈವ್ ಸಿಸ್ಟಮ್ ಅಂದರೆ ಅಷ್ಟೇ. ಹಾರ್ಡ್ ಡಿಸ್ಕಿನ ಗೊಡವೆ ಇಲ್ಲದೆ ಎಲ್ಲವೂ ರ‍್ಯಾಮಿನಲ್ಲಿ ನಡೆಯುತ್ತದೆ. ಕರೆಂಟು ಇರುವ ತನಕ ಬಟ್ಟೆ ಒದ್ದೆ. ಕರೆಂಟು ಹೋಯಿತೋ, ಮಾಡಿದ್ದೆಲ್ಲ ಆರಿಹೋಗಿ ಪೆನ್‌ಡ್ರೈವ್ ಮೊದಲಿದ್ದ ಹಾಗೇ ಇರುತ್ತದೆ. ಒಮ್ಮೆ ಬರೆದದ್ದನ್ನು ಅಳಿಸುವವನಲ್ಲ ಎಂಬ ಹೆಮ್ಮೆ ಕುಮಾರವ್ಯಾಸನಿಗಿತ್ತು. ಪೆನ್‌ಡ್ರೈವಿನೊಳಗಿನ ಮೂಲ ಕಡತಕ್ಕೂ ಅದೇ ಹೆಮ್ಮೆ, ಅದನ್ನು ಓದಬಹುದು, ತಿದ್ದಲಾಗದು. ಹೀಗಾಗಿ ಸತ್ತ ಯಂತ್ರದ ವೈರಸ್ಸು ಇದಕ್ಕೆ ಅಂಟುವುದು ಸುಲಭವಲ್ಲ. (ಕಪ್ಪತಗುಡ್ಡದ ಸುತ್ತ ಇಷ್ಟೊಂದು ಗಾಳಿಯಂತ್ರ ತಿರುಗುತ್ತಿದ್ದರೂ ನಮ್ಮ ಮನೆಯಲ್ಲಿ ಬಟ್ಟೆ ಬಲು ಬೇಗ ಆರುತ್ತದೆ ಎಂಬುದು ಬೇರೆ ಮಾತು.)

ಇಷ್ಟು ದೊಡ್ಡ ವ್ಯವಸ್ಥೆ ಅಷ್ಟು ಸಣ್ಣ ಕಡ್ಡಿಯಲ್ಲಿ ಹೇಗೆ ಕೂತಿತು ಎಂದು ನಮ್ಮವ್ವ ಕೇಳಿದಳು. ಖಡಕ್ ರೊಟ್ಟಿ ಎಂದೆ. ನೀರಿನಂಶ ತೆಗೆದು ಒಣಗಿಸಿ ಒಂದರ ಮೇಲೊಂದು ಒಟ್ಟಿದರೆ ತಿಂಗಳುಗಟ್ಟಲೆ ಇರುತ್ತದೆ, ಬೇಕಾದಾಗ ಬೇಕಾದ ಒಂದನ್ನೇ ತೆಗೆದು ನೀರು ಚಿಮುಕಿಸಿದರೆ ಮೆತ್ತಗಾಗುತ್ತದೆ. ಸ್ಕ್ವಾಶ್‌ಎಫ್‌ಎಸ್ ಎಂಬ ವಿಧಾನವೂ ಹಾಗೇ. ಕಡತಗಳನ್ನೆಲ್ಲ ಹಿಂಡಿ ಒಂದೇ ಮೂಟೆ ಮಾಡುತ್ತದೆ, ಕೇಳಿದ್ದನ್ನಷ್ಟೇ ಕೇಳಿದಾಗ ಬಿಚ್ಚಿಕೊಡುತ್ತದೆ. ಜರ್ಮನಿಯ ಕ್ಲೌಸ್ ಕ್ನಾಪರ್ ಎಂಬ ಎಂಜಿನಿಯರ್ 2000ದಲ್ಲೇ ಇಂಥದೇ ಜಾಣ್ಮೆಯಿಂದ ಸುಮಾರು 2 ಜಿಬಿ ತಂತ್ರಾಂಶವನ್ನು 700 ಎಂಬಿಯ ಒಂದು ಸಿಡಿಯಲ್ಲಿ ತುರುಕಿದ. ಹೆಸರು ಕ್ನಾಪಿಕ್ಸ್. ಜರ್ಮನಿ ಎಂದಾಗ ನೆನಪಾಯಿತು, ಹಳ್ಳಿಯ ಪತ್ತಿನ ಸಂಘದ ಕಲ್ಪನೆಯೂ ಅಲ್ಲಿಂದಲೇ ಬಂದದ್ದು, ರೈಫೈಸನ್ ಎಂಬ ಊರಗೌಡನಿಂದ. ಅಲ್ಲೊಬ್ಬ ಗೌಡ, ಇಲ್ಲೊಬ್ಬ ಗೌಡ. ಇಬ್ಬರೂ ಹುಡುಗನಿಗೆ ಫೋನ್ ಮಾಡಲಿಲ್ಲ.

ಕೆಲಸ ಶುರುವಾಯಿತು. ಡೆಬಿಯನ್ ಎಂಬ ಲಿನಕ್ಸಿನ ಬರೀ ಅಡಿಪಾಯವನ್ನು ಒಂದು ಫೋಲ್ಡರಿನೊಳಗೆ ಇಳಿಸಿಕೊಳ್ಳುವುದು, ಅದರೊಳಗೆ ಹೊಕ್ಕು ಕೂತು ಬೇಕಾದ ಸಾಮಾನು ಜೋಡಿಸುವುದು, ಬೇಡವಾದದ್ದು ತೆಗೆಯುವುದು, ಮೂಟೆ ಕಟ್ಟುವುದು, ಬೂಟ್ ಆಗುವಂತೆ ಬಾಗಿಲು ಕೂರಿಸುವುದು. ಸಾಮಾನು ಎಂದರೆ ಹೆಚ್ಚಿಲ್ಲ. ಅಳಿದ ಪಾರ್ಟಿಶನ್ ಹುಡುಕುವ ಟೆಸ್ಟ್‌ಡಿಸ್ಕ್, ಅಳಿಸಿದ ಫೋಟೋ ಕೆದಕುವ ಫೋಟೋರೆಕ್, ಸಾಯುತ್ತಿರುವ ಡಿಸ್ಕಿನಿಂದ ಉಸಿರಿರುವ ಭಾಗ ಮೊದಲು ಎತ್ತಿಕೊಂಡು ಕೆಟ್ಟ ಜಾಗಕ್ಕೆ ಆಮೇಲೆ ಕೈಹಾಕುವ ಡಿಡಿರೆಸ್ಕ್ಯೂ, ವಿಂಡೋಸಿನ ಡಿಸ್ಕ್ ಓದುವ ಸಲಕರಣೆ. ಇಷ್ಟಾದರೆ ಒಂದು ಸಂಜೆಯ ಕೆಲಸ.

ನಾನು ಮೂರು ತಿಂಗಳು ತಗೊಂಡೆ.

ಯಾಕೆಂದರೆ ಸ್ವಂತದ್ದು ಎಂದ ಮೇಲೆ ಚಂದ ಇರಬೇಕಲ್ಲ. ಹಿನ್ನೆಲೆ ಚಿತ್ರಕ್ಕೆ ವೀರನಾರಾಯಣನ ಗೋಪುರ ಇರಲೋ, ಲಕ್ಕುಂಡಿಯ ಬಾವಿ ಇರಲೋ, ಮಾಗಡಿ ಕೆರೆಯ ಹಕ್ಕಿ ಇರಲೋ ಎಂದು ಹನ್ನೊಂದು ದಿನ. ಗಡಿಯಾರ ಪರದೆಯ ಮೇಲೋ ಕೆಳಗೋ ಎಂದು ನಾಲ್ಕು ದಿನ. ಸತ್ತ ಕಂಪ್ಯೂಟರ್ ಎಬ್ಬಿಸುವ ಸಲಕರಣೆಯಲ್ಲಿ ಪಂಚಾಂಗ ಯಾಕೆ ಬೇಕು ಎಂದು ಈಗ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ, ಆದರೆ ಹಾಕಿದ್ದೆ. ಆಂಬುಲೆನ್ಸಿಗೆ ಜೂಲಾ ಹೊದಿಸಿ, ಕೋಡಣಸು ಕಟ್ಟಿ, ಗೆಜ್ಜೆಸರ ಹಾಕಿ ಕಾರಹುಣ್ಣಿವೆಗೆ ತಯಾರು ಮಾಡಿದ ಹಾಗಿತ್ತು. ಆ ಮೂರು ತಿಂಗಳಲ್ಲಿ ಓಣಿಯಲ್ಲಿ ನಾಲ್ಕು ಕಂಪ್ಯೂಟರ್ ಸತ್ತವು. ಎಲ್ಲದಕ್ಕೂ ಹುಡುಗ ಬಂದ, ಹೊಡೆದ, ಹೋದ. ನಾನು ಐಕಾನಿನ ಮೂಲೆ ದುಂಡಗೆ ಮಾಡುತ್ತಿದ್ದೆ.

ಕನ್ನಡದ ಮಟ್ಟಿಗೆ ಮಾತ್ರ ನಾನು ಪಟ್ಟ ಶ್ರಮ ಸಾರ್ಥಕ ಎಂದುಕೊಂಡಿದ್ದೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಎಂದು ಯೂನಿಕೋಡ್ ಫಾಂಟುಗಳ ಸಾಲೇ ಇತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇತ್ತು, ಬೂಟ್ ಆದ ಕ್ಷಣದಿಂದ ಕನ್ನಡ ಬರೆಯಬಹುದಿತ್ತು. ಇದೇನು ಲೋಕಕ್ಕಿಲ್ಲದ ಸಾಧನೆ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಲಿನಕ್ಸನ್ನೇ ಕಲಿಯುತ್ತಾರೆ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಉಬುಂಟುವನ್ನು ತನಗೆ ಬೇಕಾದಂತೆ ತಿದ್ದಿ ಶಾಲೆಗಳಿಗೆಲ್ಲ ಹಂಚುತ್ತದೆ, ಪಠ್ಯಪುಸ್ತಕವೂ ಕನ್ನಡದಲ್ಲೇ ಉಂಟು. ಇತ್ತ ನಾವು ರಾಜ್ಯೋತ್ಸವಕ್ಕೆ ಕನ್ನಡ ಉಳಿಸಿ ಎಂಬ ಬ್ಯಾನರನ್ನು ಕದ್ದ ವಿಂಡೋಸಿನಲ್ಲಿ, ಕದ್ದ ತಂತ್ರಾಂಶದಲ್ಲಿ ಕೂರಿಸಿ, ಪರದೆಯ ಮೂಲೆಯಲ್ಲಿ 'ಆಕ್ಟಿವೇಟ್ ಮಾಡಿಕೊಳ್ಳಿ' ಎಂದು ಅದು ಅಂಗಲಾಚುತ್ತಿರುವಾಗಲೇ ಪ್ರಿಂಟ್ ಹೊಡೆಯುತ್ತೇವೆ. ಆ ಅಂಗಲಾಚುವ ಸಾಲು ಈಗ ನಮ್ಮ ಭಾಗದಲ್ಲಿ ತೋರಣದ ಹಾಗೆ, ಇಲ್ಲದಿದ್ದರೆ ಕಂಪ್ಯೂಟರ್ ಬೋಳಾಗಿ ಕಾಣುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಗಟ್ಟಿಮುಟ್ಟಾದ ಎಷ್ಟೋ ಯಂತ್ರಗಳು ಟಿಪಿಎಂ 2.0 ಎಂಬ ಚೂರು ಇಲ್ಲವೆಂದು ಹೊಸತಕ್ಕೆ ಅನರ್ಹವಾದವು. ಹಲ್ಲು ನೋಡಿ ಎತ್ತು ಮಾರುವುದನ್ನು ಕಂಡಿದ್ದೆ, ಹಲ್ಲು ಸರಿ ಇದ್ದೂ ಮೂಗುದಾರದ ಬಣ್ಣ ಸರಿ ಇಲ್ಲವೆಂದು ಮಾರುವುದನ್ನು ಈಗ ಕಂಡೆ.

ಮೂಟೆ ಕಟ್ಟಿದ್ದಾಯಿತು. ಇನ್ನು ಅದನ್ನು ಪೆನ್‌ಡ್ರೈವಿಗೆ ಇಳಿಸಬೇಕು. ಅದಕ್ಕೆ ಡಿಡಿ ಎಂಬ ಎರಡಕ್ಷರದ ಆಜ್ಞೆ. 'ಎಲ್ಲಿಂದ' ಮತ್ತು 'ಎಲ್ಲಿಗೆ' ಎಂದು ಎರಡೇ ಮಾತು ಹೇಳಿದರೆ ಸಾಕು, ಮರುಪ್ರಶ್ನೆ ಇಲ್ಲದೆ ಮಾಡಿ ಮುಗಿಸುತ್ತದೆ. ನಮ್ಮ ಹುಡುಗನಾದರೂ 'ಹೊಡದ್ಬಿಡೂಣೇನ್ರಿ' ಎಂದು ಕೇಳುತ್ತಾನೆ. ಇದು ಅದನ್ನೂ ಕೇಳುವುದಿಲ್ಲ. ರಾತ್ರಿ ಹನ್ನೊಂದೂವರೆಗೆ 'ಎಲ್ಲಿಗೆ' ಎಂಬಲ್ಲಿ ಸಿ ಎಂದು ಒತ್ತುವ ಬದಲು ಬಿ ಎಂದು ಒತ್ತಿದೆ. ಸಿ ಎಂದರೆ ಪೆನ್‌ಡ್ರೈವ್. ಬಿ ಎಂದರೆ ಹತ್ತು ವರ್ಷದ ಫೋಟೋಗಳಿದ್ದ ನನ್ನ ಬ್ಯಾಕಪ್ ಡಿಸ್ಕ್.

ಬೆಳಿಗ್ಗೆ ಬ್ಯಾಕಪ್ ಡಿಸ್ಕು ಚಂದವಾಗಿ ಲಿನಕ್ಸ್ ಆಗಿ ಎದ್ದಿತು. ಗೋಪುರ ಬಂತು, ಗಡಿಯಾರ ಬಂತು, ಪಂಚಾಂಗ ಬಂತು. ಮಗಳ ಕುಬಸ ಇರಲಿಲ್ಲ. ಕೊನೆಗೆ ಆ ಪೆನ್‌ಡ್ರೈವನ್ನೇ ಮಾಡಿ, ಅದರೊಳಗಿನ ಫೋಟೋರೆಕ್ ಹಚ್ಚಿ ಇಡೀ ರಾತ್ರಿ ಕೆದಕಿದೆ. ಸಾವಿರಾರು ಫೋಟೋ ಬಂದವು. ಆದರೆ ಹೆಸರಿಲ್ಲ, ತಾರೀಖಿನ ಫೋಲ್ಡರಿಲ್ಲ, ಎಲ್ಲಕ್ಕೂ ಬರೀ ನಂಬರು. ಜಾತ್ರೆಯಲ್ಲಿ ಕಳೆದುಹೋದ ಮಕ್ಕಳನ್ನೆಲ್ಲ ಪೊಲೀಸರು ಒಂದೇ ಕೋಣೆಯಲ್ಲಿ ಕೂರಿಸಿ 'ನಿಮ್ಮದನ್ನ ಆರಿಸ್ಕೊಳ್ರಿ' ಎಂದ ಹಾಗೆ. ನನ್ನ ಹೆಂಡತಿ ಒಂದು ವಾರ ಮಾತಾಡಲಿಲ್ಲ. ಮಾತಾಡಿದಾಗ ಒಂದೇ ಮಾತು ಆಡಿದಳು: "ಇದಕ್ಕಿಂತ ಆ ಹುಡುಗನ್ನೇ ಕರಸಿದ್ರ ಐದನೂರು ರೂಪಾಯ್ದಾಗ ಹೋಗ್ತಿತ್ತಲ್ರಿ."

ನನ್ನ ಕೀರ್ತಿಯ ದಿನವೂ ಬಂತು. ಲಗ್ನದ ಸೀಜನ್ನು. ಬೆಟಗೇರಿಯಲ್ಲಿ ಪ್ರೆಸ್ ಇಟ್ಟಿರುವ ನಮ್ಮ ಸೋದರಮಾವನ ಫೋನು: "ಅಳಿಯಾ, ಮಷೀನ್ ಸತ್ತೇತಿ. ನಾಳೆ ಮುಂಜಾನೆ ಮುಂಡರಗಿಗೆ ಐದನೂರು ಲಗ್ನಪತ್ರಿಕಿ ಹೋಗಬೇಕು. ಹುಡುಗ ಬಂದಾನ, ಹೊಡೀತೀನಿ ಅನ್ನಾಕತ್ತಾನ."

"ಮಾವಾ, ಚಹಾ ತರ್ಸು. ಚಹಾ ಮುಗಿಯೂತನಕ ಅವನ ಕೈ ಹಿಡಕೊಂಡು ಕೂಡು. ಬಂದೆ."

ಹೋಗುವಷ್ಟರಲ್ಲಿ ಹುಡುಗನ ಎರಡನೇ ಚಹಾ ನಡೆದಿತ್ತು. ಮಾವ ನಿಜವಾಗಿಯೂ ಅವನ ಮಣಿಕಟ್ಟು ಹಿಡಿದಿದ್ದ. ಪರದೆ ಕಪ್ಪಗೆ, ಅದರ ಮೇಲೆ ಬೂಟ್ ಆಗುವಂಥದ್ದು ಏನೂ ಇಲ್ಲ ಎಂಬರ್ಥದ ಒಂದು ಬಿಳಿ ಸಾಲು. ಪೆನ್‌ಡ್ರೈವ್ ಚುಚ್ಚಿದೆ. ಇನ್ನು ಬೂಟ್ ಮೆನು. ಒಂದು ಕಂಪನಿಯದಕ್ಕೆ ಎಫ್ 12, ಇನ್ನೊಂದರದಕ್ಕೆ ಎಫ್ 9, ಮತ್ತೊಂದಕ್ಕೆ ಎಸ್ಕೇಪ್. ಒತ್ತಲು ಸಿಗುವುದು ಎರಡು ಸೆಕೆಂಡು. ಹಾರ್ಮೋನಿಯಂ ನುಡಿಸಿದ ಹಾಗೆ ಮೇಲಿನ ಸಾಲನ್ನೆಲ್ಲ ಬಾರಿಸಿದೆ. ಮೂರನೇ ಸಲಕ್ಕೆ ಬಾಗಿಲು ತೆರೆಯಿತು. ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಅಡ್ಡ ನಿಂತ, ಅವನನ್ನು ಮಲಗಿಸಿದೆ. ಗೋಪುರ ಎದ್ದಿತು.

ಹುಡುಗ ಚಹದ ಕಪ್ಪು ಕೆಳಗಿಟ್ಟ. "ಇದು ಯಾವ ವಿಂಡೋಸ್ ರೀ ಸರ?"

"ವಿಂಡೋಸ್ ಅಲ್ಲಪಾ, ಲಿನಕ್ಸ್."

"ಕ್ರ್ಯಾಕ್ ಹೆಂಗ ಮಾಡಿದ್ರಿ?"

"ಕ್ರ್ಯಾಕ್ ಬೇಕಾಗಿಲ್ಲ. ಪುಕ್ಕಟನ ಕೊಡ್ತಾರ."

ಹುಡುಗ ಅನುಕಂಪದಿಂದ ನೋಡಿದ. "ಪುಕ್ಕಟ ಕೊಟ್ಟದ್ರಾಗ ವೈರಸ್ ಇರ್ತಾವ ಸರ."

ಡಿಸ್ಕ್ ಹಳತಾಗಿತ್ತು, ಅಲ್ಲಲ್ಲಿ ತೊದಲುತ್ತಿತ್ತು. ಡೆಸ್ಕ್‌ಟಾಪ್ ಸಿಕ್ಕಿತು. ಡೆಸ್ಕ್‌ಟಾಪ್ ಅಂದರೆ ನಮ್ಮ ಕಡೆ ಒಂದು ಫೋಲ್ಡರಲ್ಲ, ತಿಪ್ಪೆ. 'ಫೈನಲ್', 'ಫೈನಲ್ ಹೊಸಾದು', 'ಇದ ಫೈನಲ್', 'ಫೈನಲ್ ಗೌಡ್ರು ಓಕೆ ಅಂದದ್ದು'. ಕೊನೆಯದನ್ನು ತೆರೆದೆ. ಎದೆ ಧಸಕ್ಕೆಂದಿತು. ಲಗ್ನಪತ್ರಿಕೆಯ ಗಣಪತಿ ಇದ್ದ, ಅಂಚಿನ ಬಳ್ಳಿ ಇತ್ತು, ಅಕ್ಷರ ಮಾತ್ರ ಸತ್ಯಾನಾಶ. ತಲೆಯ ಮೇಲೆ ಟೋಪಿ ಇಟ್ಟ ಎ, ಎರಡು ಚುಕ್ಕಿ ಹೊತ್ತ ಯು, ಪೌಂಡಿನ ಗುರುತು, ನಡುವೆ ಅಡ್ಡಗೀಟು. ನನ್ನ ಲೋಹಿತ್, ನವಿಲು, ಗುಬ್ಬಿಗಳೆಲ್ಲ ಗೂಡಿನಲ್ಲಿ ಬೆಚ್ಚಗೆ ಕೂತಿದ್ದವು. ಮಾವನ ಪ್ರೆಸ್ಸು ಇಪ್ಪತ್ತು ವರ್ಷದಿಂದ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ನಡೆಯುವುದು, ಆ ಒಂದು ಫಾಂಟು ಮಾತ್ರ ನನ್ನ ಕನ್ನಡಾಭಿಮಾನದ ಮೂಟೆಯಲ್ಲಿ ಇರಲಿಲ್ಲ. ಪಂಚಾಂಗ ಇತ್ತು.

"ಮಾವಾ, ಫೈಲ್ ಕೆಟ್ಟಾವು ಅನಸ್ತೈತಿ," ಎಂದೆ.

ಮಾವ ಕನ್ನಡಕ ಏರಿಸಿ ಪರದೆಗೆ ಮೂಗು ಹಚ್ಚಿದ. "ಯಾರು ಹೇಳ್ಯಾರ ಕೆಟ್ಟಾವಂತ? ಇಲ್ನೋಡು, ಶ್ರೀ ವೀರಭದ್ರೇಶ್ವರ ಪ್ರಸನ್ನ. ಇದು ವರನ ಹೆಸರು. ಈ ಟೋಪಿ ಅಕ್ಷರ ಐತಲ್ಲ, ಇದು ದೀರ್ಘ. ಇದು ಮುಂಡರಗಿ. ಅಕ್ಕಿಕಾಳು, ರಾತ್ರಿ ಊಟ. 'ಆಶೀರ್ವಾದವೇ ಉಡುಗೊರೆ' ಅಂತ ಹಾಕಬ್ಯಾಡ ಅಂದಿದ್ರು, ಯಾರು ಹಾಕ್ಯಾರ ಇದನ್ನ?"

ಇಪ್ಪತ್ತು ವರ್ಷ ಫಾಂಟ್ ಹಾರಿದಾಗಲೆಲ್ಲ ಅದೇ ಕಸವನ್ನು ನೋಡಿ ನೋಡಿ ಮಾವನಿಗೆ ಅದೊಂದು ಲಿಪಿಯಾಗಿ ಕೂತುಬಿಟ್ಟಿತ್ತು. ಹಲ್ಮಿಡಿ ಶಾಸನ ಓದಿದ ಪಂಡಿತರ ಪಕ್ಕದಲ್ಲಿ ನಮ್ಮ ಡಿಟಿಪಿ ಮಂದಿಗೂ ಒಂದು ಪೀಠ ಹಾಕಬೇಕು. ಅಷ್ಟೇ ಅಲ್ಲ, ಪ್ರೂಫ್ ತಿದ್ದಿದ್ದೂ ಆಯಿತು!

ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿ ಎದ್ದೆ. ಎದೆ ಎರಡಿಂಚು ಉಬ್ಬಿತ್ತು. ಇನ್ನು ಮಾವನಿಗೆ ಬ್ಯಾಕಪ್, ಲಿನಕ್ಸ್, ಸ್ವಾವಲಂಬನೆ ಎಂದು ನಾಲ್ಕು ಮಾತು ಹೇಳೋಣವೆಂದು ಬಾಯಿ ತೆರೆಯುವುದರೊಳಗೆ ಹುಡುಗ ಕೇಳಿದ: "ಡಾಟಾ ಸಿಕ್ತಲ್ರಿ, ಈಗ ಹೊಡದ್ಬಿಡೂಣೇನ್ರಿ?"

ಮಾವ ತೊಡೆ ತಟ್ಟಿ ಹೇಳಿದ: "ಹೊಡಿ!"

ಹುಡುಗನಿಗೆ ಐದನೂರು ರೂಪಾಯಿ ಸಿಕ್ಕಿತು. ನನಗೆ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ.

ಆದರೂ ಹೆಸರು ಹಬ್ಬಿತು. 'ಸತ್ತದ್ದನ್ನ ಎಬ್ಬಸ್ತಾರಂತ' ಎಂದು ಶಿರಹಟ್ಟಿ, ಲಕ್ಷ್ಮೇಶ್ವರದಿಂದಲೂ ಜನ ಬಂದರು. ಸುಟ್ಟುಹೋದ ಮದರ್‌ಬೋರ್ಡು ತಂದವರಿದ್ದರು, ಮಿಕ್ಸರ್ ತಂದವರೂ ಇದ್ದರು. ಮಾಸ್ತರೊಬ್ಬರು ಹೊಸ ಲ್ಯಾಪ್‌ಟಾಪ್ ತಂದರು. ಅದಕ್ಕೆ ಬಿಟ್‌ಲಾಕರ್ ಬೀಗ, ತೆಗೆಯಲು 48 ಅಂಕಿಯ ಕೀಲಿ ಬೇಕು. ಕೀಲಿ ಎಲ್ಲಿಟ್ಟಿದ್ದೀರಿ ಎಂದರೆ ಮಾಸ್ತರು ಹೇಳಿದರು, "ಅದರೊಳಗ ಐತ್ರಿ." ಬೀಗದ ಕೈ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದವರಿಗೆ ಯಾವ ಲಿನಕ್ಸೂ ದಿಕ್ಕಿಲ್ಲ.

ಇಷ್ಟು ಬೇಡಿಕೆ ಇರುವಾಗ ಸ್ವಂತದ್ದು ಎಂದು ಬಚ್ಚಿಟ್ಟುಕೊಂಡರೆ ನಾನು ಎಂಥ ಕಣಗಿನಹಾಳದವ? ಹತ್ತು ಜನ ಸೇರಿ, ನಾನ್ನೂರು-ನಾನ್ನೂರು ರೂಪಾಯಿ ಶೇರು ಹಾಕಿ, ಹತ್ತು ಪೆನ್‌ಡ್ರೈವ್ ಮಾಡಿ, ಓಣಿಗೊಂದರಂತೆ ಇಡೋಣ, ಎಲ್ಲರೂ ಕಲಿಯೋಣ ಎಂದು ಗುಡಿಯ ಕಟ್ಟೆಯ ಮೇಲೆ ಸಭೆ ಕರೆದೆ. ಕೋರಂ ತುಂಬಿ ತುಳುಕಿತು, ಮಿರ್ಚಿ ತರಿಸಿದ್ದೆನಲ್ಲ.

ಮೊದಲ ಠರಾವು, ಅಧ್ಯಕ್ಷರು ಯಾರು. ಅದು ಒಂದೂವರೆ ತಾಸು. ಎರಡನೆಯದು, ಕಂಪ್ಯೂಟರ್ ಏಳುವಾಗ ಪರದೆಯ ಮೇಲೆ ಯಾರ ಫೋಟೋ ಬರಬೇಕು. ಗೋಪುರ ಇರಲಿ ಎಂದೆ. ಹಾಗಾದರೆ ನಮ್ಮ ಓಣಿಯ ದೇವರು ಏನು ಪಾಪ ಮಾಡಿದ್ದಾನೆ ಎಂದರು. ಎರಡೂ ಇರಲಿ ಎಂದೆ. ಹಾಗಾದರೆ ನಾಯಕರದ್ದು? ಮೇಲೆ ದೊಡ್ಡ ನಾಯಕರು, ಕೆಳಗೆ ಸಾಲಾಗಿ ಸಣ್ಣ ನಾಯಕರು, ಇಕ್ಕೆಲದಲ್ಲಿ 'ಶುಭ ಕೋರುವವರು' ಎಂದು ಇಪ್ಪತ್ತೆರಡು ಮುಖ. ಅಷ್ಟೂ ಮುಖ ಪರದೆಯ ಮೇಲೆ ಮೂಡಿ ಮರೆಯಾಗುವಷ್ಟರಲ್ಲಿ ಡಿಸ್ಕಿನ ಪ್ರಾಣ ಹೋಗಿರುತ್ತದೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮೂರನೇ ಠರಾವು ಕಲಿಯುವವರು ಯಾರು ಎಂಬುದು. ಅಲ್ಲಿಗೆ ಮಿರ್ಚಿ ಮುಗಿದಿತ್ತು.

ಆ ಸಭೆಗೆ ನಾನು ಡೆಬಿಯನ್ ಕತೆ ಹೇಳಬೇಕೆಂದಿದ್ದೆ. ಇಷ್ಟೆಲ್ಲ ಪುಕ್ಕಟೆ ಕೊಡುವ ಡೆಬಿಯನ್ ಯಾವ ಕಂಪನಿಯದೂ ಅಲ್ಲ, 1993ರಲ್ಲಿ ಶುರುವಾದ, ದೇಶದೇಶಗಳ ಸ್ವಯಂಸೇವಕರ ಒಂದು ಸಹಕಾರ ಸಂಘವೇ. ಅವರಿಗೂ ಸಂವಿಧಾನ ಇದೆ, ವರ್ಷಕ್ಕೊಮ್ಮೆ ನಾಯಕನ ಚುನಾವಣೆ ಇದೆ. 2019ರಲ್ಲಿ ನಾಮಪತ್ರ ಸಲ್ಲಿಸುವ ವಾಯಿದೆ ಮುಗಿದರೂ ಒಬ್ಬನೂ ನಿಲ್ಲಲಿಲ್ಲ. ಒಂದು ವಾರ ವಾಯಿದೆ ಮುಂದೂಡಿ ಕೇಳಿಕೊಂಡ ಮೇಲೆ ನಾಲ್ಕು ಜನ ಕಣಕ್ಕಿಳಿದರು. ಇದನ್ನು ನನ್ನ ಗೆಳೆಯನೊಬ್ಬನಿಗೆ ಹೇಳಿದರೆ ಅವನು ನಂಬಲಿಲ್ಲ. ಅಧ್ಯಕ್ಷಗಿರಿಗೆ ಯಾರೂ ನಿಲ್ಲಲಿಲ್ಲ ಎಂದರೆ ಅದರಲ್ಲಿ ದುಡ್ಡಿಲ್ಲ, ದುಡ್ಡಿಲ್ಲ ಎಂದರೆ ಸಂಘವೇ ಸುಳ್ಳು ಎಂಬುದು ಅವನ ತರ್ಕ. ಕ್ಷೇತ್ರ ದೊಡ್ಡದಿದ್ದರೆ ಅವನೇ ಹೋಗಿ ನಿಲ್ಲುವವನಿದ್ದ.

ಸಂಘ ಆಗಲಿಲ್ಲ. ಇದ್ದ ಒಂದೇ ಪೆನ್‌ಡ್ರೈವನ್ನು ಕೈಗಡ ಕೊಡಲು ಶುರು ಮಾಡಿದೆ. ಶಿಸ್ತಿನಿಂದ ಒಂದು ರಜಿಸ್ಟರ್ ಇಟ್ಟೆ. ಸಾಲಗಾರನ ಹೆಸರು, ಜಾಮೀನುದಾರ, ಕೊಟ್ಟ ತಾರೀಖು, ವಾಯಿದೆ, ಸುಸ್ತಿ. ಮೊದಲ ಮೂರು ಸಲ ವಾಪಸ್ ಬಂತು. ನಾಲ್ಕನೇ ಸಲ ಚಿಕ್ಕಪ್ಪನ ಮಗ ಒಯ್ದ. ಒಂದು ವಾರದ ಮೇಲೆ ಕೇಳಿದರೆ, "ಅಣ್ಣಾ, ಅದನ್ನ ನಮ್ಮ ದೋಸ್ತ ಒಯ್ದಾನ." ದೋಸ್ತನನ್ನು ಕೇಳಿದರೆ, "ನಮ್ಮ ಅಳಿಯಾರು ಒಯ್ದಾರ್ರಿ." ಅಳಿಯ ಮುಳಗುಂದದಲ್ಲಿ, ಅವನ ತಮ್ಮ ಎಲ್ಲೋ. ಎರಡು ತಿಂಗಳಿಗೆ ಸುಸ್ತಿ ಕಾಲಮ್ಮು ಹಾಳೆಯಂಚು ಮುಟ್ಟಿತು. ಜಾಮೀನುದಾರನಿಗೆ ಫೋನ್ ಹಚ್ಚಿದರೆ ಅವನು ಸಾಲಮನ್ನಾ ಯಾವಾಗ ಎಂದು ಕೇಳಿದ.

ಸುಗ್ಗಿ ಬಂತು. ಒಂದು ಸಂಜೆ ಊರ ಹೊರಗಿನ ರಸ್ತೆಯಲ್ಲಿ ಕಡಲೆ ಹೊಟ್ಟು ಹೇರಿದ ಟ್ರ್ಯಾಕ್ಟರ್ ಎದುರಾಯಿತು. ಸಿನಿಮಾ ಹಾಡಿನ ಅಬ್ಬರಕ್ಕೆ ಬದಿಗೆ ಸರಿದು ನಿಂತೆ. ಡ್ರೈವರ್ ಪರಿಚಯದ ಹುಡುಗ, ನಿಲ್ಲಿಸಿ ನಮಸ್ಕಾರ ಎಂದ. ಸ್ಟೇರಿಂಗಿನ ಪಕ್ಕದ ಮ್ಯೂಸಿಕ್ ಪ್ಲೇಯರಿನಲ್ಲಿ ಒಂದು ಕೆಂಪು ಪೆನ್‌ಡ್ರೈವ್ ಮಿಣಕ್ ಮಿಣಕ್ ಎನ್ನುತ್ತಿತ್ತು. ಅದಕ್ಕೆ ನಾನು ಅಂಟಿಸಿದ್ದ ಚೀಟಿ ಇನ್ನೂ ಹರಿದಿರಲಿಲ್ಲ.

"ತಮ್ಮಾ, ಇದು ಎಲ್ಲಿಂದ ಬಂತೋ?"

"ಮಾವಾರು ಕೊಟ್ರು ಸರ, ಖಾಲಿ ಇತ್ತು. ಹಾಡು ತುಂಬಾಕಂತ ಕಂಪ್ಯೂಟರಿಗೆ ಹಾಕಿದ್ವಿ, ಒಳಗ ಏನೂ ಕಾಣ್ಲೇ ಇಲ್ಲ. ಇದನ್ನ ಬಳಸಬೇಕಂದ್ರ ಫಾರ್ಮ್ಯಾಟ್ ಮಾಡಬೇಕು, ಮಾಡ್ಲೇನು ಅಂತ ಅದ ಕೇಳ್ತು. ಹೂಂ ಅಂತ ಹೊಡದ್ವಿ." ಹಾಡಿನ ಸದ್ದು ಒಂದಿಷ್ಟು ಇಳಿಸಿ, ನನ್ನ ಮುಖ ನೋಡಿ ಕೇಳಿದ:

"ಯಾಕ್ರಿ ಸರ, ಏನಾರ ಇಂಪಾರ್ಟೆಂಟ್ ಇತ್ತೇನ್ರಿ?"